ಭೂಗೋಳದ ಅಕ್ಕೋರ ನಾಲಿಗೆ

ಅಕ್ಕೋರು ಅಂಗಡಿಯೊಳಗೇ, ಚೀಸು ಇಡುವ ತಣ್ಣನೆಯ ಕಪಾಟಿನ ಮುಂದೆ ಕುಸಿದು ಪ್ರಾಣ ಬಿಟ್ಟರು ಎಂಬ ಸುದ್ದಿ ಗೋಕಾಕದ ಬಸ್ ಸ್ಟ್ಯಾಂಡಿನಿಂದ ಕುಲಗೋಡದವರೆಗೆ ಹರಡಿದೆ. ಕೈಯಲ್ಲಿ ಒಂದು ಡಬ್ಬಿ ಇತ್ತಂತೆ, ಅದನ್ನು ಬಿಡಿಸಿಕೊಳ್ಳಲು ಇಬ್ಬರು ಬೇಕಾಯಿತಂತೆ. ಇದು ಸುಳ್ಳು. ಅವರು ಸತ್ತದ್ದು ತಮ್ಮ ಮನೆಯಲ್ಲಿ, ತಮ್ಮ ಕುರ್ಚಿಯಲ್ಲಿ, ಬೆಳಗಿನ ಚಹಾ ಒಂದು ಗುಟುಕು ಕುಡಿದು, "ಬಿಸಿ ಇಲ್ಲ ಇದು" ಎಂದು ಗಂಡನಿಗೆ ಬೈದ ಮೇಲೆ. ಗಂಡ ಚಹಾ ಮತ್ತೆ ಕಾಯಿಸಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದರೆ ಊರವರು ಕಟ್ಟಿದ ಕತೆ ಅಕ್ಕೋರ ಕಿವಿಗೆ ಬಿದ್ದಿದ್ದರೆ ಅವರು ತಿದ್ದಲು ಹೋಗುತ್ತಿರಲಿಲ್ಲ. "ಯಾವ ಡಬ್ಬಿ?" ಎಂದಷ್ಟೇ ಕೇಳುತ್ತಿದ್ದರು.

ಮಣ್ಣಿಗೆ ಹೋದವರಲ್ಲಿ ನಾನೂ ಒಬ್ಬ. ಹೊರಗಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ತಲೆಯ ಬದಿಗೆ ಬುದ್ಧನ ಫೋಟೋ, ಅದರ ಮುಂದೆ ಮೇಣದಬತ್ತಿ. ಹುಕ್ಕೇರಿ ಕಡೆಯ ಬಳಗದವರು ಸೇರಿ ತ್ರಿಶರಣ ಹೇಳುತ್ತಿದ್ದರು. ಅಷ್ಟರಲ್ಲಿ ಅಕ್ಕೋರ ನಾದಿನಿ ಬಂದು ನನ್ನನ್ನು ಅಡುಗೆಮನೆಗೆ ಕರೆದರು. ಬಂದವರಿಗೆ ಚಹಾ ಮಾಡಲು ಹಾಲು ಹುಡುಕಿ ಫ್ರಿಜ್ ತೆಗೆದಿದ್ದರು. ಒಳಗಿನ ಒಂದು ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮೂಗಿನ ಹತ್ತಿರ ತಂದರು.

"ನೋಡ್ರಿ ಮಾಸ್ತರ, ನೀಲಿ ಬೂಷ್ಟು ಬಂದೈತಿ. ಚೆಲ್ಲಲೇನ್ರಿ?"

"ಬ್ಯಾಡ್ರಿ. ಅದು ಹಂಗ ಇರತೈತಿ."

"ಬೂಷ್ಟು ಹಿಡದದ್ದಾ?"

"ಹಿಡಿಸೇ ಮಾರ್ತಾರ್ರಿ ಅದನ್ನ."

ದುಃಖದಲ್ಲಿ ಮಾಸ್ತರಿಗೆ ತಲೆ ನಿಲ್ಲುತ್ತಿಲ್ಲ ಎಂದುಕೊಂಡು ಅವರು ಪಾಪ ಎಂಬಂತೆ ನನ್ನನ್ನು ನೋಡಿದರು. ನಾನು ಆ ಚೀಸನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟು ಹೊರಗೆ ಬಂದು ಕೂತೆ. ಅಳು ಬರಬೇಕಾದ ಹೊತ್ತಿನಲ್ಲಿ ನಗು ಬರುತ್ತಿತ್ತು. ಅಕ್ಕೋರ ವಿಷಯದಲ್ಲಿ ಇದು ಹೊಸದೇನಲ್ಲ.

ಕುಲಗೋಡದ ನಮ್ಮ ಹೈಸ್ಕೂಲಿನಲ್ಲಿ ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು, ನಾನು ಗಣಿತ. ಇತಿಹಾಸವೂ ಅವರ ಪಾಲಿಗೇ ಬಂದಿತ್ತು. ಅದನ್ನು "ಸತ್ತವರ ಸುದ್ದಿ" ಎಂದು ಓಡೋಡುತ್ತ ಮುಗಿಸಿ ಭೂಗೋಳಕ್ಕೆ ಬರುತ್ತಿದ್ದರು. ಭೂಗೋಳಕ್ಕೆ ಬಂದರೆ ಅವರ ದನಿ ಪಕ್ಕದ ಎರಡು ಕ್ಲಾಸಿಗೂ ಕೇಳುತ್ತಿತ್ತು. ನನ್ನ ಹುಡುಗರು ಸಮೀಕರಣ ಬಿಡಿಸುತ್ತಲೇ ಬ್ರೆಜಿಲ್ಲಿನ ಕಾಫಿ ತೋಟಗಳ ಬಗ್ಗೆ ಎಲ್ಲವನ್ನೂ ಕಲಿತರು.

ಸಿಬ್ಬಂದಿಯಲ್ಲಿ ಯಾರನ್ನೂ ಅವರು ಹೆಸರು ಹಿಡಿದು ಕರೆದದ್ದಿಲ್ಲ. ನಾನು ಗಣಿತ. ದೈಹಿಕ ಶಿಕ್ಷಕರು ಪೀಟಿ. ಹೆಡ್‌ಮಾಸ್ತರರಿಗೆ ಯಾವ ವಿಷಯವೂ ಇರಲಿಲ್ಲವಾದ್ದರಿಂದ ಅವರು ಆಫೀಸು. "ಏ ಗಣಿತ, ಆಫೀಸು ಸಿಟ್ಟಿಗೆದ್ದೈತಿ, ಸ್ವಲ್ಪ ತಡದ ಹೋಗು" ಎಂದು ಕಾರಿಡಾರಿನಲ್ಲಿ ನಿಂತು ಹೇಳುತ್ತಿದ್ದರು. ಆಫೀಸಿಗೂ ಅದು ಕೇಳುತ್ತಿತ್ತು.

ತುಂಬು ಮೈ, ಗಂಜಿ ಹಾಕಿದ ಕಾಟನ್ ಸೀರೆ, ಸೀರೆಯ ಕೆಳಗೆ ಓಟಗಾರರು ಹಾಕುವ ಬೂಟು. ನಾವಿಬ್ಬರೂ ಗೋಕಾಕದಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಅವರ ಯಜಮಾನರು ಅಂಚೆ ಇಲಾಖೆಯಿಂದ ನಿವೃತ್ತರಾದ ಸಣಕಲು ಮನುಷ್ಯ, ಮಾತು ಕಡಿಮೆ. ಅವರ ಊಟ ವರ್ಷವಿಡೀ ಒಂದೇ: ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಂದು ಹಸಿ ಉಳ್ಳಾಗಡ್ಡಿ. "ನಮ್ಮ ಸಾಹೇಬ್ರ ನಾಲಿಗಿ ರಿಟಾಯರ್ ಆಗೇ ಹುಟ್ಟೈತಿ" ಎಂದು ಅಕ್ಕೋರು ಅವರ ಎದುರಿಗೇ ಹೇಳುತ್ತಿದ್ದರು. ಅವರು ಹೌದು ಎಂಬಂತೆ ಉಳ್ಳಾಗಡ್ಡಿ ಗುದ್ದುತ್ತಿದ್ದರು.

ಗೋಕಾಕದಲ್ಲಿ ಆ ಅಂಗಡಿ ತೆರೆದದ್ದು ನಾವು ಹಾಗೆ ಓಡಾಡಿಕೊಂಡಿದ್ದ ಕಾಲದಲ್ಲಿ. ದೊಡ್ಡ ಊರುಗಳಲ್ಲಿ ಹೆಸರು ಮಾಡಿದ್ದ ಅಂಗಡಿಯ ಸರಣಿ. ದೇಶವಿದೇಶದ ವಿಶೇಷ ತಿನಿಸು, ಪಾನೀಯ ಮಾತ್ರ ಮಾರುತ್ತದೆ. ಅಕ್ಕಿ ಬೇಳೆ ಬೇಕೆಂದರೆ ಬೇರೆ ಕಡೆ ಹೋಗಬೇಕು. ಒಳಗೆ ಎಸಿ ಜೋರಾಗಿದ್ದುದರಿಂದ ಜನ ಅದಕ್ಕೆ ಥಂಡಿ ಅಂಗಡಿ ಎಂದು ಹೆಸರಿಟ್ಟರು. ಬೇಸಿಗೆಯಲ್ಲಿ ಅರ್ಧ ಊರು ಏನೂ ಕೊಳ್ಳದೆ ಅದರೊಳಗೆ ನಿಂತು ಬೆವರು ಆರಿಸಿಕೊಂಡು ಹೋಗುತ್ತಿತ್ತು. ಹಳದಿ ಪಟಕದ ಒಬ್ಬ ಮುದುಕರು ಮೊಸರು ಕೇಳಿದ್ದಕ್ಕೆ ಅಂಗಡಿಯ ಹುಡುಗಿ, "ಗ್ರೀಕ್ ಮೊಸರು ಐತ್ರಿ ಅಜ್ಜಾರ" ಎಂದು ಪುಟ್ಟ ಡಬ್ಬಿ ಕೊಟ್ಟಳು. ಮುದುಕರು ಅದನ್ನು ಅಂಗೈಯಲ್ಲಿಟ್ಟು ನೋಡಿ, "ನಮ್ಮ ಎಮ್ಮಿಗೆ ಕನ್ನಡ ಅಷ್ಟ ಬರತೈತಿ ತಂಗಿ" ಎಂದು ವಾಪಸ್ಸು ಕೊಟ್ಟು ಹೋದರು.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನೂ ಅಕ್ಕೋರೂ ಅದರೊಳಗೆ ಹೊಕ್ಕೆವು. ಅವರು ಎರಡು ಸಾಲು ದಾಟಿ ಮೂರನೆಯದರಲ್ಲಿ ನಿಂತುಬಿಟ್ಟರು. ಎದುರಿಗೆ ಗಾಜಿನ ಶೀಸೆ, ಉಪ್ಪುನೀರಿನಲ್ಲಿ ಹಸಿರು ಕಾಯಿಗಳು.

"ಗಣಿತ, ಇದು ಆಲಿವ್."

"ಏನ್ರಿ ಅದು?"

"ಮೆಡಿಟರೇನಿಯನ್ ವಾಯುಗುಣ. ಬ್ಯಾಸಗಿ ಒಣಾ, ಚಳಿಗಾಲದಾಗ ಮಳಿ. ಮುಖ್ಯ ಬೆಳೆ ಆಲಿವ್, ದ್ರಾಕ್ಷಿ, ಅಂಜೂರ. ನೌಕರಿಗೆ ಸೇರಿದಾಗಿಂದ ಇದನ್ನ ಕಲಿಸೇನಿ. ಕಣ್ಣಲೆ ನೋಡಿದ್ದು ಇವತ್ತ."

ಬಿಲ್ ಮಾಡಿಸಿದ ಮೇಲೆ ಮನೆಗೆ ಹೋಗುವವರೆಗಿನ ತಾಳ್ಮೆಯೂ ಇರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಶೀಸೆ ತೆಗೆದು ಒಂದು ಕಾಯಿ ಬಾಯಿಗೆ ಹಾಕಿಕೊಂಡರು. ಮುಖ ನಿಧಾನವಾಗಿ ಮುದುಡಿತು. ಬೀಜ ತೆಗೆದು ಕೈಯಲ್ಲಿ ಹಿಡಿದು ರಸ್ತೆ ನೋಡುತ್ತ ಕೂತರು.

"ಹುಡುಗೂರಿಗೆ ಇದು ಬಾಳ ರುಚಿಕರ ಹಣ್ಣು ಅಂತ ಹೇಳಿಕೋತ ಬಂದೇನಿ" ಎಂದರು.

"ಪುಸ್ತಕದಾಗ ಹಂಗ ಐತೇನ್ರಿ?"

"ಇಲ್ಲ. ಅದು ನಾನ ಸೇರಿಸಿದ್ದು."

ನಾನು ನಗುತ್ತಿದ್ದಾಗಲೇ ಎರಡನೆಯದು ಬಾಯಿಗೆ ಹೋಯಿತು. "ಇದು ಅದರಷ್ಟ ಕೆಟ್ಟಿಲ್ಲ" ಎಂದರು. ಮೂರನೆಯದು ತಿಂದು ನಾಲ್ಕನೆಯದಕ್ಕೆ ಕೈ ಹಾಕಿದರು. ಸೋಮವಾರ ಬಸ್ಸಿನಲ್ಲಿ ಸಿಕ್ಕಾಗ ಶೀಸೆ ಖಾಲಿಯಾಗಿತ್ತು, ಉಪ್ಪುನೀರನ್ನು ಪಲ್ಯಕ್ಕೆ ಹಾಕಿದ್ದರು. ಆ ಪಲ್ಯ ತಿನ್ನಲಾಗದೆ ಸಾಹೇಬರು ಹಿಂಡಿಯ ಮೇಲೆಯೇ ಇದ್ದರಂತೆ.

ಅಲ್ಲಿಂದ ಅಕ್ಕೋರು ಇಡೀ ಪಠ್ಯಕ್ರಮವನ್ನು ತಿನ್ನುತ್ತ ಹೋದರು. ಡೆನ್ಮಾರ್ಕಿನ ಹೈನುಗಾರಿಕೆ ಎಂದರೆ ಚೀಸು. ಕೆನಡಾದ ಕಾಡುಗಳೆಂದರೆ ಮೇಪಲ್ ಮರದ ಪಾಕ. ಡಾರ್ಜಿಲಿಂಗಿನ ಚಹಾವನ್ನು ಹಾಲು ಹಾಕದೆ ಕುಡಿದು, "ನೀರಿಗೆ ಸಿಟ್ಟ ಬಂದಂಗ ಐತಿ" ಎಂದರು. ಕೊಂಬುಚಾ ಎಂಬ ಹುಳಿ ಪಾನೀಯದ ಬಾಟಲಿ ಕೊಂಡು ಕುಡಿದು, "ಇದು ನಮ್ಮ ಹಳಸಿದ ಅಂಬಲಿನ. ಸೂಟ್ ಹಾಕ್ಕೊಂಡ ಬಂದೈತಿ ಅಷ್ಟ" ಎಂದರು, ಆದರೂ ಮುಂದಿನ ವಾರ ಇನ್ನೊಂದು ಬಾಟಲಿ ತಂದರು. ಬಸ್ಸಿನಲ್ಲಿ ತಮ್ಮ ಸೀಟಿನಲ್ಲಿ ಯಾರಾದರೂ ಕೂತಿದ್ದರೆ ಏಳಿ ಎನ್ನುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ನಾರುವ ಚೀಸಿನ ಪೊಟ್ಟಣ ಬಿಚ್ಚುತ್ತಿದ್ದರು. ಮುಂದಿನ ಸ್ಟಾಪಿನೊಳಗೆ ಜಾಗ ಸಿಗುತ್ತಿತ್ತು.

ಅಂಗಡಿ ಮೂಡಲಗಿಗೂ ಬಂತು. ಅಲ್ಲಿ ರುಚಿ ನೋಡಲು ತಟ್ಟೆಯಲ್ಲಿ ಸಣ್ಣ ತುಣುಕುಗಳನ್ನು ಇಡುತ್ತಿದ್ದರು. ಅಕ್ಕೋರು ತಟ್ಟೆಯ ಈ ತುದಿಯಿಂದ ಆ ತುದಿಗೆ ಹೋದರು. ಟೈ ಕಟ್ಟಿದ ಮ್ಯಾನೇಜರ್ ಬಂದು ವಿನಯದಿಂದ, "ಮೇಡಮ್, ಒಬ್ಬರಿಗೆ ಒಂದ ತುಣುಕ್ರಿ" ಎಂದ.

"ಹೌದಾ? ಮತ್ತ ಇಂವಾ ತಿನ್ನೂದಿಲ್ಲ" ಎಂದು ನನ್ನನ್ನು ತೋರಿಸಿ, "ಇಂವಂದೂ ನನಗ ಕೊಡು" ಎಂದರು. ಕೊಟ್ಟ. ಅದನ್ನೂ ತಿಂದರು.

ಅವರು ಕೊಳ್ಳುವುದಕ್ಕಿಂತ ಹೆಚ್ಚು ಮುಟ್ಟುತ್ತಿದ್ದರು. ಒಂದೊಂದು ಡಬ್ಬಿಯನ್ನೂ ಕೈಗೆತ್ತಿಕೊಂಡು ತಿರುಗಿಸಿ, ಹಿಂದೆ ಮುಂದೆ ಓದಿ, ಅಲ್ಲಾಡಿಸಿ, ಇದ್ದಲ್ಲೇ ಇಡುವುದು. ಗೋಕಾಕದ ಅಂಗಡಿಯ ಹುಡುಗಿ ಒಮ್ಮೆ, "ಮೇಡಂ, ಏನಾರ ಹುಡುಕಾಕತ್ತೀರೇನ್ರಿ?" ಎಂದಳು.

"ಇಲ್ಲವಾ. ಮುಟ್ಟಾಕತ್ತೇನಿ."

ಹುಡುಗಿ ಆಚೆ ಹೋದ ಮೇಲೆ ನನಗೆ ಹೇಳಿದರು, ಕೈಯಲ್ಲಿದ್ದ ಜಾಮಿನ ಶೀಸೆಯ ಹೆಸರು ಓದುತ್ತಲೇ. "ನಮ್ಮೂರಾಗ ಕಿರಾಣಿ ಅಂಗಡಿ ಕಟ್ಟಿ ಹತ್ತಾಕ ನಮಗ ಬಿಡ್ತಿರಲಿಲ್ಲ. ನಮ್ಮವ್ವ ಕೆಳಗ ನಿಂತು ಸೆರಗ ಒಡ್ಡಿದ್ರ ಅಂಗಡಿಯಾಂವಾ ಮ್ಯಾಲಿಂದ ಬಿಡ್ತಿದ್ದ. ಬೆಲ್ಲ ಸೆರಗಿನ್ಯಾಗ ಬಿದ್ದ ಸಪ್ಪಳ ನನಗ ಇನ್ನೂ ನೆನಪೈತಿ. ಹುಳಾ ಐತೋ, ಮಣ್ಣ ಐತೋ, ಆರಿಸಿಕೊಳ್ಳಾಕ ಇಲ್ಲ. ಅಂವಾ ಕೊಟ್ಟಿದ್ದ ತರಬೇಕು." ಇಷ್ಟು ಹೇಳಿ ಶೀಸೆಯನ್ನು ಕಪಾಟಿನಲ್ಲಿಟ್ಟು, ಅದರ ಹಿಂದಿನ ಇನ್ನೊಂದನ್ನು ತೆಗೆದರು. "ನೋಡು ಗಣಿತ, ಬ್ಲೂಬೆರಿ ಅಂತ. ನೇರಳೆಹಣ್ಣಿನ ಕಾಕಾನ ಮಗ ಇದ್ದಂಗ ಐತಿ."

ನಾನು ಶೀಸೆ ನೋಡಲು ಬಗ್ಗಿದೆ. ಅವರು ಆಗಲೇ ಮುಂದಿನ ಸಾಲಿಗೆ ಹೋಗಿದ್ದರು.

ಅವರ ತವರು ಹತ್ತರಗಿ ಕಡೆಯ ಒಂದು ಹಳ್ಳಿ. ಹುಕ್ಕೇರಿಯಲ್ಲಿ ಅದೇ ಅಂಗಡಿಯ ಶಾಖೆ ತೆರೆದಾಗ ಆ ಹಳ್ಳಿಯಿಂದ ತಮ್ಮ ಸಣ್ಣವ್ವನನ್ನು, ಅಂದರೆ ತಾಯಿಯ ತಂಗಿಯನ್ನು, ಕರೆದುಕೊಂಡು ಬಂದರು. ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಜೊತೆಗಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಸಣ್ಣವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಮೆಟ್ಟಿಕೋ ಸಣ್ಣವ್ವ, ಇದು ಗುಡಿ ಅಲ್ಲ" ಎಂದು ಅಕ್ಕೋರು ಹೊರಗೆ ಹೋಗಿ ಚಪ್ಪಲಿ ತಂದು ಅವಳ ಕಾಲ ಮುಂದಿಟ್ಟರು. ಆಮೇಲೆ ಒಂದು ಬುಟ್ಟಿ ಕೈಗೆ ಕೊಟ್ಟು, "ಏನ ಬೇಕೋ ತಗೋ. ಯಾರೂ ಏನೂ ಅನ್ನೂದಿಲ್ಲ" ಎಂದರು.

ಮುದುಕಿ ಎಲ್ಲ ಸಾಲುಗಳನ್ನೂ ಸುತ್ತಿದಳು. ಬಾದಾಮಿ ಮುಟ್ಟಿದಳು, ಚಾಕೊಲೇಟಿನ ಹೊಳೆಯುವ ಕಾಗದ ಮುಟ್ಟಿದಳು, ಕಾಫಿಯ ಪೊಟ್ಟಣ ಮೂಸಿದಳು. ಅಕ್ಕೋರು ಹಿಂದೆಯೇ ನಡೆಯುತ್ತ, ಇದು ಟರ್ಕಿಯದು, ಇದು ಇರಾನಿನದು ಎಂದು ಪಾಠ ಹೇಳುತ್ತಿದ್ದರು. ಕೊನೆಗೆ ಸಣ್ಣವ್ವ ಬುಟ್ಟಿಯಲ್ಲಿ ಹಾಕಿದ್ದು ಒಂದೇ ಒಂದು ಗ್ಲುಕೋಸ್ ಬಿಸ್ಕಿಟಿನ ಪುಡಿಕೆ. ಬಿಲ್ಲಿನ ಮೇಜಿನ ಬಾಜೂ, ಮಕ್ಕಳು ಹಟ ಮಾಡಿದರೆ ಇರಲಿ ಎಂದು ಇಟ್ಟದ್ದು.

ಅಕ್ಕೋರಿಗೆ ತಡೆಯಲಾಗಲಿಲ್ಲ. "ಇಷ್ಟೆಲ್ಲ ಬಿಟ್ಟು ಇದನ್ನ ತಗೋತಿ? ಇದು ಊರಾಗೂ ಸಿಗತೈತಲ್ಲ."

"ಏನ ಬೇಕೋ ತಗೋ ಅಂದಿ. ತಗೊಂಡೇನಿ" ಎಂದಳು ಸಣ್ಣವ್ವ. "ಈಗ ನೀ ಯಾಕ ಅಂಗಡಿಯಾಂವನಂಗ ಮಾಡ್ತಿ?"

ಅಕ್ಕೋರು ಆ ಒಂದು ಪುಡಿಕೆಗೆ ಬಿಲ್ ಮಾಡಿಸಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಆ ಬಿಸ್ಕಿಟನ್ನು ಮೂವರೂ ಹಂಚಿಕೊಂಡು ತಿಂದೆವು. ಹತ್ತರಗಿಯಲ್ಲಿ ಸಣ್ಣವ್ವನನ್ನು ಇಳಿಸಿದ ಮೇಲೆ ಅಕ್ಕೋರು, "ಮುದುಕಿ ಮುಂದ ನಾ ಫೇಲ್ ಆದೆ" ಎಂದು ಗೋಕಾಕದವರೆಗೂ ನಗುತ್ತ ಬಂದರು.

ಆಮೇಲೆ ಎಲ್ಲರಿಗೂ ಬಂದ ಜ್ವರ ಅವರಿಗೂ ಬಂತು. ಶಾಲೆ ಮುಚ್ಚಿದ್ದ ದಿನಗಳವು. ಜ್ವರ ಬೇಗ ಇಳಿಯಿತು, ಆದರೆ ಹೋಗುವಾಗ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಇದು ಮೊದಲು ಗೊತ್ತಾದದ್ದು ಸಾಹೇಬರಿಗೆ. ಹೆಂಡತಿ ಮಲಗಿದ್ದಾಗ ಅವರೇ ಝುಣಕ ಮಾಡಿ, ಗಡಿಬಿಡಿಯಲ್ಲಿ ಉಪ್ಪು ಹಾಕುವುದನ್ನು ಮರೆತಿದ್ದರು. ಅಕ್ಕೋರು ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡು ಕೈ ತೊಳೆದರು.

"ಅಕಿ ಬೈಯಲಿಲ್ಲ ಮಾಸ್ತರ" ಎಂದು ಸಾಹೇಬರು ಆಮೇಲೆ ನನಗೆ ಹೇಳಿದರು. "ಆಗ ನನಗ ಹೆದರಿಕಿ ಆತು."

ಬರುತ್ತದೆ, ಕಾಯಬೇಕು ಎಂದರು ಡಾಕ್ಟರು. ನಮಗೆ ಗೊತ್ತಿದ್ದವರಿಗೆಲ್ಲ ಬಂತು. ಅಕ್ಕೋರಿಗೆ ಬರಲಿಲ್ಲ. ಶಾಲೆ ಮತ್ತೆ ಶುರುವಾದಾಗ ಅವರ ಕ್ಲಾಸಿನಿಂದ ದನಿಯೇ ಇಲ್ಲ. ಒಂದು ದಿನ ಹಾದುಹೋಗುವಾಗ ನೋಡಿದೆ. ಪುಸ್ತಕ ಹಿಡಿದು ಸುಮ್ಮನೆ ಓದಿ ಹೇಳುತ್ತಿದ್ದರು, ಹುಡುಗರು ಸುಮ್ಮನೆ ಬರೆದುಕೊಳ್ಳುತ್ತಿದ್ದರು. ಶನಿವಾರ ಬಸ್ಸಿಳಿದು ನೆಟ್ಟಗೆ ಮನೆಗೆ ಹೋಗುತ್ತಿದ್ದರು. ಥಂಡಿ ಅಂಗಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಊಟದ ಡಬ್ಬಿಯನ್ನು ಗಡಿಯಾರ ನೋಡಿ ತೆಗೆಯುತ್ತಿದ್ದರು. "ಗಾಡಿಗೆ ಎಣ್ಣಿ ಹಾಕ್ತಾರಲ್ಲ, ಹಂಗ" ಎಂದರು ಒಮ್ಮೆ. ಬೂಟು ಹೋಗಿ ಚಪ್ಪಲಿ ಬಂದಿತ್ತು. ಹೆಡ್‌ಮಾಸ್ತರರನ್ನು ಸರ್ ಎಂದು ಕರೆಯತೊಡಗಿದ್ದರು. ಅವರೇ ಗಾಬರಿಯಾಗಿ ನನ್ನ ಹತ್ತಿರ ಬಂದು, "ಅಕ್ಕೋರಿಗೆ ನನ್ನ ಮ್ಯಾಲ ಏನಾರ ಸಿಟ್ಟೈತೇನ್ರಿ?" ಎಂದು ಕೇಳಿದರು.

ಹೀಗಿರುವಾಗ ಒಂದು ಶನಿವಾರ ಬಸ್ಸಿನಲ್ಲಿ ನಾನು ಪೇರಲ ಹಣ್ಣು ತಿನ್ನುತ್ತಿದ್ದೆ. ಅಕ್ಕೋರು ಕಿಟಕಿ ಬಿಟ್ಟು ನನ್ನ ಬಾಯಿಯನ್ನೇ ನೋಡತೊಡಗಿದರು.

"ಹೆಂಗೈತಿ?"

"ಚಲೋ ಐತ್ರಿ."

"ಚಲೋ ಅಂದ್ರ?"

"ಅಂದ್ರ... ಚಲೋ ಐತ್ರಿ ಅಕ್ಕೋರ."

"ಚಲೋ ಅನ್ನೂದು ರುಚಿ ಅಲ್ಲ, ಮಾರ್ಕು. ನಾ ಮಾರ್ಕ ಕೇಳಿಲ್ಲ, ಉತ್ತರ ಕೇಳೇನಿ." ದನಿ ಏರಿತು. ಬಸ್ಸಿನಲ್ಲಿದ್ದವರು ತಿರುಗಿ ನೋಡಿದರು. ಬಹಳ ದಿನದ ಮೇಲೆ ಆ ದನಿ ಕೇಳಿ ನನಗೆ ಖುಷಿಯೇ ಆಯಿತು. "ಎರಡೂ ಹೊತ್ತು ಉಣ್ಣತಿ, ನಡುವ ಬಾಯಾಡಸ್ತಿ, ಹೆಂಗೈತಿ ಅಂದ್ರ ಹೇಳಾಕ ಬರೂದಿಲ್ಲ. ದೇವ್ರು ನಿನಗ ನಾಲಿಗಿ ಯಾಕ ಕೊಟ್ಟಾನ, ಮಗ್ಗಿ ಹೇಳಾಕ?"

ಗೋಕಾಕದಲ್ಲಿ ಇಳಿದವರು ಮನೆಯ ದಾರಿ ಹಿಡಿಯಲಿಲ್ಲ. "ನಡಿ" ಎಂದರು. "ನೀ ತಿನ್ನು. ನಾ ಕೇಳ್ತೇನಿ."

ಹೀಗೆ ನನ್ನ ಪಾಠ ಶುರುವಾಯಿತು. ಅಂಗಡಿಯ ಮೆಟ್ಟಿಲ ಮೇಲೆ ನಾನು ತಿನ್ನುವುದು, ಪಕ್ಕದಲ್ಲಿ ಅವರು ಕಣ್ಣು ಮುಚ್ಚಿ ಕೂತು ಕೇಳುವುದು. ಮೊದಮೊದಲು ನಾನು ಹುಳಿ, ಉಪ್ಪು, ಸಿಹಿ ಎಂದು ಮೂರು ಉತ್ತರ ಹೇಳುತ್ತಿದ್ದೆ. "ಅದು ಸಣ್ಣ ಹುಡುಗೂರ ಪಟ್ಟಿ" ಎಂದು ಅವರು ತಲೆ ಅಲ್ಲಾಡಿಸುತ್ತಿದ್ದರು. ಬಾಯಿಗೆ ಹಾಕಿದ ಕೂಡಲೇ ಏನು, ಅಗಿದಾಗ ಏನು, ನುಂಗಿದ ಮೇಲೆ ಹಿಂದೆ ಏನು ಉಳಿಯಿತು, ಯಾರ ಮನೆ ನೆನಪಾಯಿತು, ಎಲ್ಲ ಬೇಕು. ನಾನು ಹುಟ್ಟಿದಾಗಿನಿಂದ ಪೇಪರ್ ಓದುತ್ತ ಉಂಡವನು. ನನಗೆ ಯಾರ ಮನೆಯೂ ನೆನಪಾಗುತ್ತಿರಲಿಲ್ಲ.

ಒಂದು ದಿನ ಒಂದು ಮೆತ್ತನೆಯ ಚೀಸು ತಿಂದು ಎಷ್ಟೋ ಹೊತ್ತು ಕೂತೆ. ಕೊನೆಗೆ ಹೇಳಿದೆ: "ಅಕ್ಕೋರ, ಇದು ಮಳಿಗಾಲದಾಗ ಒಣಗದ ಟಾವೆಲ್ ಇರತೈತಲ್ರಿ, ಆ ವಾಸನಿ ಐತಿ. ಆದ್ರ ನುಂಗಿದ ಮ್ಯಾಲ ಇನ್ನೊಂದು ಬೇಕ ಅನಸತೈತಿ."

ಅವರು ಕಣ್ಣು ತೆರೆಯಲಿಲ್ಲ. "ಟಾವೆಲ್ ಹೊಸಾದೋ, ಹಳೇದೋ?"

"ಹಳೇದ್ರಿ. ಬಾಳ ವರ್ಷ ವಾಪ್ರಿಸಿದ್ದು."

"ಹಾಂ" ಎಂದರು. ಗಂಟಲು ಮೇಲೆ ಕೆಳಗೆ ಆಡಿತು. "ಇದು ಸಿಕ್ಕಿತು."

ಅದರ ಪರಿಣಾಮ ನನ್ನ ಮನೆಯಲ್ಲಾಯಿತು. ಊಟಕ್ಕೆ ಕೂತವನು ಸಾರಿನ ಮೊದಲ ತುತ್ತಿಗೆ ಹುಣಸೆ ಬಂತು, ಆಮೇಲೆ ಒಗ್ಗರಣೆ ಬಂತು, ಕೊನೆಗೆ ಏನೋ ಬರಬೇಕಾದದ್ದು ಬರಲಿಲ್ಲ ಎಂದು ಬಾಯಿ ತಪ್ಪಿ ಹೇಳಿದೆ. ಹೆಂಡತಿ ಸೌಟು ಕೆಳಗಿಟ್ಟು, "ಏನ ಬಂದಿಲ್ಲ ಅಂತ ಅಕ್ಕೋರ್ನ ಕೇಳಿಕೊಂಡ ಬರ್ರಿ. ಅಲ್ಲೀತನಾ ತಟ್ಟಿ ತಗೀತೇನಿ" ಎಂದಳು.

ಅಕ್ಕೋರಿಗೆ ನಾನೊಬ್ಬನೇ ನಾಲಿಗೆ ಎಂದುಕೊಂಡಿದ್ದೆ. ಒಂದು ಭಾನುವಾರ ಮಧ್ಯಾಹ್ನ ಪರೀಕ್ಷೆಯ ಪೇಪರಿನ ಕಟ್ಟು ಕೊಡಲು ಅವರ ಮನೆಗೆ ಹೋದರೆ ಬಾಗಿಲು ತೆರೆದಿತ್ತು. ಮೇಜಿನ ಆಚೆ ಅಕ್ಕೋರು, ಈಚೆ ಸಾಹೇಬರು. ಸಾಹೇಬರ ಬಾಯಲ್ಲಿ ಏನೋ ಇತ್ತು, ಹಣೆಯ ಮೇಲೆ ಬೆವರಿತ್ತು. ಜೀವಮಾನವಿಡೀ ರೊಟ್ಟಿ ಝುಣಕದ ಆಚೆ ಕೈ ಚಾಚದ ಮನುಷ್ಯ ಆಲಿವ್ ತಿನ್ನುತ್ತಿದ್ದರು.

"ಹೇಳ್ರಿ" ಎಂದರು ಅಕ್ಕೋರು.

"ಉಪ್ಪೈತಿ."

"ಉಪ್ಪು ಐತಿ ಅಂತ ಡಬ್ಬಿ ಮ್ಯಾಲ ಬರದಾರ. ಮತ್ತ?"

ಸಾಹೇಬರು ಬಹಳ ಕಷ್ಟಪಟ್ಟು ಯೋಚಿಸಿದರು. "ಪೋಸ್ಟ್ ಆಫೀಸಿನ್ಯಾಗ ತಿಕೀಟ ಹಚ್ಚು ಮುಂದ ನಾಲಿಗಿಗೆ ಅಂಟು ತಾಗತಿತ್ತು" ಎಂದರು. "ಅದರಾಗ ಒಂದೀಟು ಹುಲ್ಲ ಹಾಕಿದಂಗ."

ಅಕ್ಕೋರು ಮೇಜಿಗೆ ತಲೆ ಆನಿಸಿ ನಕ್ಕರು. ನಗು ನಿಂತ ಮೇಲೂ ತಲೆ ಎತ್ತಲಿಲ್ಲ. ಸಾಹೇಬರು ನನ್ನನ್ನು ನೋಡಿ ಮುಜುಗರಪಟ್ಟು, ಬೀಜವನ್ನು ಎಲ್ಲಿ ಉಗುಳಬೇಕೆಂದು ತಿಳಿಯದೆ ನುಂಗಿಬಿಟ್ಟರು. ನಾನು ಪೇಪರಿನ ಕಟ್ಟನ್ನು ಬಾಗಿಲ ಬಳಿಯೇ ಇಟ್ಟು ವಾಪಸ್ಸು ಬಂದೆ.

ನಿವೃತ್ತಿಯ ದಿನ ಬಂತು. ಹೆಡ್‌ಮಾಸ್ತರರು ಶಾಲು, ಹಣ್ಣಿನ ಬುಟ್ಟಿ, ಬೆಳ್ಳಿಯ ಲೋಟ, ಅಧ್ಯಕ್ಷರ ಭಾಷಣ ಎಲ್ಲ ಗೊತ್ತು ಮಾಡಿದ್ದರು. ಅಕ್ಕೋರು ಆಫೀಸಿಗೆ ಹೋಗಿ, "ಭಾಷಣಾ ನೀವ ಮಾಡ್ರಿ. ನನಗ ಹತ್ತನೇತ್ತಾದ ಕಡೀ ಪೀರಿಯಡ್ ಕೊಡ್ರಿ" ಎಂದರು. ಆ ಕೊನೆಯ ಪೀರಿಯಡ್ಡು ನನ್ನದು. "ಗಣಿತ ಒಂದಿನ ತಪ್ಪಿದ್ರ ಭೂಮಿ ನಿಂದ್ರೂದಿಲ್ಲ" ಎಂದು ನನ್ನ ಅಪ್ಪಣೆಯನ್ನೂ ಅವರೇ ಕೊಟ್ಟುಕೊಂಡರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಚೀಲದಿಂದ ಕಪ್ಪು ಚಾಕೊಲೇಟಿನ ಗಟ್ಟಿಗಳನ್ನು ತೆಗೆದರು. ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚುಕಡಿಮೆ ಪೂರಾ ಕೋಕೋ. ಕೋಕೋ ಬೆಳೆ, ಘಾನಾ ದೇಶ, ಉಷ್ಣವಲಯ ಎಂದು ಹುಡುಗರಿಗೆ ಮೊದಲೇ ಬಾಯಿಪಾಠವಾಗಿತ್ತು. ಅಳತೆಪಟ್ಟಿಯಿಂದ ಒಡೆದು ಎಲ್ಲರಿಗೂ ಒಂದೊಂದು ಚೂರು ಹಂಚಿದರು. ಚಾಕೊಲೇಟು ಎಂದರೆ ಸಿಹಿ ಎಂದು ನಂಬಿದ್ದ ಇಡೀ ಕ್ಲಾಸು ಒಟ್ಟಿಗೆ ಬಾಯಿಗೆ ಹಾಕಿಕೊಂಡಿತು. ಮುಖಗಳು ಒಟ್ಟಿಗೆ ಕೆಟ್ಟವು.

"ಅಕ್ಕೋರ, ಇದು ಕೆಟ್ಟ ಹೋಗೈತ್ರಿ."

"ಕೆಟ್ಟಿಲ್ಲ. ಹೆಂಗೈತಿ ಹೇಳ್ರಿ. ಚಲೋ ಐತಿ ಅಂದಾಂವ ಹೊರಗ ಹೋಗಬೇಕು" ಎಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು.

ಮೊದಲು ನಗು, ಪಿಸುಮಾತು. ಆಮೇಲೆ ಒಬ್ಬ ಎದ್ದು, "ಜ್ವರದ ಗುಳಿಗಿ ಬಾಯಾಗ ಕರಗಿದಂಗ ಐತ್ರಿ" ಎಂದ. ಇನ್ನೊಬ್ಬಳು, ಸೀದ ರೊಟ್ಟಿಯ ಕೆಳಗಿನ ಮೈ ಎಂದಳು. ಒಬ್ಬ ಟ್ರ್ಯಾಕ್ಟರಿನ ಹೊಗೆ ಎಂದ. ಟ್ರ್ಯಾಕ್ಟರಿನ ಹೊಗೆಯನ್ನು ನೀನು ಯಾವಾಗ ತಿಂದೆ ಎಂದು ಪಕ್ಕದವನು ಕೇಳಿ ಜಗಳವಾಯಿತು. "ಹೊಸಾ ಸಾಲಿ ಚೀಲದ ವಾಸನಿ." "ಸುಟ್ಟ ಶೇಂಗಾದ ಸಿಪ್ಪಿ." ಅಕ್ಕೋರು ಒಂದೊಂದಕ್ಕೂ ತಲೆಯಾಡಿಸುತ್ತ, ಕೆಲವಕ್ಕೆ "ಇನ್ನೊಮ್ಮೆ ಹೇಳು" ಎನ್ನುತ್ತ ಕೇಳುತ್ತಿದ್ದರು.

ಕಿಟಕಿಯ ಬದಿ ಕೂತ ಒಬ್ಬ ಹುಡುಗಿ ಬಹಳ ಹೊತ್ತಿನ ಮೇಲೆ ಎದ್ದಳು. ವರ್ಷವಿಡೀ ನನ್ನ ಕ್ಲಾಸಿನಲ್ಲಿ ಅವಳು ಮಾತಾಡಿದ್ದು ನಾನು ಕೇಳಿರಲಿಲ್ಲ.

"ನಮ್ಮಪ್ಪ ಗಾಣದಾಗ ಬೆಲ್ಲ ಮಾಡ್ತಾನ್ರಿ. ಒಮ್ಮೊಮ್ಮೆ ಕೊಪ್ಪರಿಗಿ ತಳಾ ಹತ್ತತೈತಿ. ಹತ್ತಿದ್ರ ಅಪ್ಪ ಎಲ್ಲಾರಿಗೂ ಬೈತಾನ. ಬೈದ ಮ್ಯಾಲ ಆ ಕರೀ ಚಕ್ಕಿ ಕೆರದು ನಮಗ ಕೊಡ್ತಾನ. ಅದು ಮೊದಲ ಕಹಿ ಇರತೈತ್ರಿ. ಅಗೀಬಾರ್ದು. ನಾಲಿಗಿ ಮ್ಯಾಲ ಇಟ್ಟು ಸುಮ್ಮ ಕುಂತ್ರ ಆಮ್ಯಾಲ ಸಿಹಿ ಬರತೈತಿ." ಅವಳು ಕೆನ್ನೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಚೂರನ್ನು ಸರಿಸಿಕೊಂಡಳು. "ಇದೂ ಬರಾಕತ್ತೈತ್ರಿ."

ಉಗುಳಲು ಹೊರಟಿದ್ದವರು ಉಗುಳಲಿಲ್ಲ. ಎಲ್ಲರೂ ಬಾಯಿ ಮುಚ್ಚಿ, ನಾಲಿಗೆಯ ಮೇಲೆ ಇಟ್ಟುಕೊಂಡು ಕೂತರು. ಅಕ್ಕೋರು ಕಣ್ಣು ತೆರೆದು ಆ ಹುಡುಗಿಯನ್ನು ನೋಡಿದರು. ಮೇಜಿನ ಮೇಲೆ ಉಳಿದಿದ್ದ ಒಂದು ಚೂರನ್ನು ತಾವೂ ಬಾಯಿಗೆ ಹಾಕಿಕೊಂಡು ಒಂದೊಂದೇ ಮುಖ ನೋಡುತ್ತ ಕೂತರು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಶಾಲು ಹಿಡಿದು ಕರೆಯಲು ಬಂದ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು, "ಏನ ನಡದೈತ್ರಿ ಇಲ್ಲಿ?" ಎಂದರು. ಬಾಯಿ ತುಂಬಿದ್ದರಿಂದ ಯಾರೂ ಉತ್ತರ ಕೊಡಲಿಲ್ಲ. ಅಕ್ಕೋರು ಹುಡುಗರ ಮುಖಗಳಿಂದ ಕಣ್ಣು ತೆಗೆಯದೆಯೇ ಕೈ ಎತ್ತಿ, ತಡೆಯಿರಿ ಎಂದು ಸನ್ನೆ ಮಾಡಿದರು. ಆಫೀಸು ತಡೆಯಿತು.

ಭಾಷಣ, ಹಾರ ಎಲ್ಲ ಮುಗಿಸಿ ಸಂಜೆಯ ಬಸ್ಸು ಹಿಡಿದೆವು. ಶಾಲನ್ನು ಬಿಚ್ಚದೆ ಹಾಗೇ ಹೊದ್ದುಕೊಂಡು ಕೂತಿದ್ದರು. ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಊರು ದಾಟುವವರೆಗೆ ತಡೆದುಕೊಂಡು ಆಮೇಲೆ ಕೇಳಿದೆ.

"ಅಕ್ಕೋರ, ಬಂತೇನ್ರಿ?"

"ನನಗಾ?" ಕಿಟಕಿಯಾಚೆ ಕಬ್ಬಿನ ಹೊಲಗಳನ್ನು ನೋಡಿದರು. "ಇಲ್ಲ. ಮಣ್ಣ ತಿಂದಂಗ ಆತು." ಆಮೇಲೆ ನನ್ನ ಕಡೆ ತಿರುಗಿದರು. "ಆದ್ರ ಆ ಹುಡುಗಿ ಹೇಳಿದ್ದು ಖರೆ ಅಂತ ಗೊತ್ತಾತು. ಎಲ್ಲಾರ ಮಾರಿ ನೋಡಿದೆ. ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಬಂತು. ಬಂದಾಗ ಗೊತ್ತಾಗತೈತಿ ನೋಡು, ಹುಬ್ಬ ಸಡಲ ಆಗತಾವು."

"ನನಗೂ ಬಂತ್ರಿ."

"ಗೊತ್ತು. ನಿನಗ ಎಲ್ಲಾರಕಿಂತ ತಡಾ ಬಂತು."

ಗೋಕಾಕದಲ್ಲಿ ಇಳಿದಾಗ ನಾನು ಅವರ ಮನೆಯ ಕಡೆ ತಿರುಗಿದೆ. ಅವರು ಆಗಲೇ ಥಂಡಿ ಅಂಗಡಿಯ ಕಡೆ ನಡೆದಿದ್ದರು. ಜರಿ ಶಾಲು, ಕೊರಳಲ್ಲಿ ಇನ್ನೂ ಇದ್ದ ಹಾರ, ಹಿಂದೆ ಹಣ್ಣಿನ ಬುಟ್ಟಿ ಹೊತ್ತ ನಾನು. ಬಾಗಿಲಲ್ಲಿದ್ದ ಹೊಸ ಕಾವಲುಗಾರ ಯಾರೋ ದೊಡ್ಡ ಮಂದಿ ಬಂದರೆಂದು ಕಾಲು ಜೋಡಿಸಿ ಸಲಾಮು ಹೊಡೆದ. ಅಕ್ಕೋರು ಒಂದು ಗಳಿಗೆ ನಿಂತು, ಶಾಲು ಸರಿಪಡಿಸಿಕೊಂಡು, ಅವನಿಗೆ ಅಷ್ಟೇ ಗತ್ತಿನಿಂದ ತಿರುಗಿ ಸಲಾಮು ಹೊಡೆದರು. ಒಂದು ಬುಟ್ಟಿ ತೆಗೆದುಕೊಂಡು ಒಳಗೆ ಹೋದರು.